ಎರಡು ಗುಡ್ಡ, ನಡುವೆ ಒಬ್ಬ ಸೂರ್ಯ

ನಮ್ಮ ಜಿಲ್ಲೆಯ ಯಾವ ಶಾಲೆಗಾದರೂ ಹೋಗಿ, ‘ನಿಮಗಿಷ್ಟವಾದ ಒಂದು ಚಿತ್ರ ಬರೀರಿ’ ಎಂದು ಮಕ್ಕಳಿಗೆ ಹೇಳಿ ನೋಡಿ. ಮುಕ್ಕಾಲು ಪಾಲು ಹಾಳೆಗಳಲ್ಲಿ ಒಂದೇ ಚಿತ್ರ ಇರುತ್ತದೆ. ತ್ರಿಕೋನದಂಥ ಎರಡು ಗುಡ್ಡ, ಅವುಗಳ ಸಂದಿಯಲ್ಲಿ ಕಿರಣ ಬಿಟ್ಟ ಸೂರ್ಯ, ಅಲ್ಲಿಂದ ಹಾವಿನ ಹಾಗೆ ಇಳಿದು ಬರುವ ನದಿ, ದಂಡೆಯ ಮೇಲೊಂದು ಗುಡಿಸಲು, ಬಿಲ್ಲಿನಂತೆ ಬಾಗಿದ ತೆಂಗಿನಮರ. ಹಕ್ಕಿಗಳೆಂದರೆ ನಾಲ್ಕು ರೈಟ್ ಮಾರ್ಕು.

ಚಿತ್ರದುರ್ಗದ ಕೋಟೆಯ ಬುಡದಲ್ಲಿ ಕೂತ ಮಗುವೂ ಇದನ್ನೇ ಬರೆಯುತ್ತದೆ. ಕಿಟಕಿಯಾಚೆ ಆನೆಯ ಬೆನ್ನಿನಂಥ ಬಂಡೆ, ಅದರ ಮೇಲೆ ಈಗ ಬಿತ್ತೋ ಆಗ ಬಿತ್ತೋ ಎಂಬಂತೆ ಕೂತ ಇನ್ನೊಂದು ಬಂಡೆ, ಅವುಗಳನ್ನು ಸುತ್ತಿಕೊಂಡು ಹತ್ತುವ ಕೋಟೆಗೋಡೆ. ಗುಡ್ಡದ ನೆತ್ತಿಗಳಲ್ಲಿ ಸಾಲುಸಾಲಾಗಿ ತಿರುಗುವ ಗಾಳಿಯಂತ್ರಗಳು. ಇವುಗಳಲ್ಲಿ ಒಂದಾದರೂ ಹಾಳೆಗೆ ಇಳಿಯಬೇಕಲ್ಲ? ತ್ರಿಕೋನದ ಗುಡ್ಡ ನಮ್ಮ ಸೀಮೆಯಲ್ಲಿ ಎಲ್ಲಿದೆ, ನೀವೇ ಹೇಳಿ.

ವರ್ಗಾವಣೆಯ ಪುಣ್ಯದಿಂದ ನಾನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ತಾಲ್ಲೂಕುಗಳಲ್ಲಿ ಪಾಠ ಮಾಡಿದ್ದೇನೆ. ಹಿರಿಯೂರಿನ ಮಕ್ಕಳಿಗಾದರೂ ಗುಡ್ಡಗಳ ನಡುವಿನ ನೀರು ಸುಳ್ಳಲ್ಲ. ವೇದಾವತಿಯ ಕಣಿವೆಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅಲ್ಲೇ ಇದೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿಕೊಂಡು ನೋಡಲು ಹೋಯಿತು. ಆಮೇಲೆ ನಾನು ನೋಡಿದ ಮಕ್ಕಳ ಚಿತ್ರಗಳಲ್ಲಿ ಹರಿಯುತ್ತಿದ್ದದ್ದು ಮಾತ್ರ ಅದೇ ಹಳೆಯ ಹಾವಿನ ನದಿ. ಹೊಸದುರ್ಗದಲ್ಲಿ ತೆಂಗಿನ ತೋಟದ ನಡುವೆ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಐದು ಗರಿ, ಎರಡು ಕಾಯಿಯ ಬಾಗಿದ ಮರ ಬರೆದಿದ್ದಳು. ‘ನಿಮ್ಮ ತೋಟದ ಮರ ಹೀಗಿದೆಯೇನೇ?’ ಎಂದೆ. ‘ಇಲ್ಲ ಮೇಡಂ, ನಮ್ಮದು ನೆಟ್ಟಗಿದೆ. ಆದ್ರೆ ಚಿತ್ರದ ಮರ ಹೀಗೇ ಅಲ್ವಾ ಇರೋದು?’ ಎಂದಳು.

ನನ್ನ ಜಗಳ ಇರುವುದು ಆ ‘ಚಿತ್ರದ ಮರ’ವನ್ನು ಅವಳಿಗೆ ಕೊಟ್ಟವರ ಜೊತೆ. ಕೊಟ್ಟವರು ನಾವೇ ದೊಡ್ಡವರು. ಡ್ರಾಯಿಂಗ್ ಪೀರಿಯಡ್ ಎಂದರೆ ಬೋರ್ಡಿನ ಮೇಲೆ ಮೇಷ್ಟ್ರು ಬರೆದದ್ದನ್ನು ಮಕ್ಕಳು ಇಳಿಸಿಕೊಳ್ಳುವ ಪೀರಿಯಡ್ಡು. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಗಳಲ್ಲಿ ಅಷ್ಟೂ ಇಲ್ಲ. ಹತ್ತನೇ ತರಗತಿಗೆ ಬಂದರಂತೂ ಗಣಿತದವರೋ ವಿಜ್ಞಾನದವರೋ ಆ ಪೀರಿಯಡ್ಡನ್ನು ಕೇಳಿ ಪಡೆಯುತ್ತಾರೆ. ಕೇಳುತ್ತಾರೆ ಎಂದದ್ದು ನನ್ನ ಮರ್ಯಾದೆ. ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡ ಎಂದು 2020ರ ಶಿಕ್ಷಣ ನೀತಿ ಹೇಳಿತು. ತರಬೇತಿಗಳಲ್ಲಿ ನಾವು ಇದನ್ನೆಲ್ಲ ಬರೆದುಕೊಂಡಿದ್ದೇವೆ. ಟೀ ಬಿಸ್ಕತ್ತೂ ಚೆನ್ನಾಗಿತ್ತು.

ಇದಕ್ಕೆಲ್ಲ ಒಂದು ಸಮರ್ಥನೆ ಸಿದ್ಧವಾಗಿದೆ: ಚಿತ್ರಕಲೆ ದೈವದತ್ತ, ಕೆಲವರಿಗೆ ಮಾತ್ರ ಕೈಗೆ ಹತ್ತುತ್ತದೆ, ಎಲ್ಲರಿಗೂ ಕಲಿಸಲು ಬರುವುದಿಲ್ಲ. ಒಂದನೇ ತರಗತಿಯ ಮಗುವಿಗೆ ಕನ್ನಡ ಕಲಿಸಿದ ಯಾರೂ ಈ ಮಾತನ್ನು ನಂಬಬಾರದು. ‘ಞ’ ಬರೆಯುವ ಕೈ ಅದು. ‘ಖ’, ‘ಣ’, ‘ಕ್ಷ’ ಇವುಗಳ ಸುರುಳಿ, ಬಳುಕು, ತಿರುವು, ಎರಡು ಗೆರೆ ಸೇರುವ ಜಾಗ ಎಲ್ಲವನ್ನೂ ಆರು ವರ್ಷದ ಮಗು ಕಲಿಯುತ್ತದೆ. ಮಾವಿನಕಾಯಿ ಬರೆಯಲು ‘ಞ’ದ ಅರ್ಧ ಕಷ್ಟವೂ ಇಲ್ಲ. ಅಕ್ಷರ ಎಲ್ಲರಿಗೂ ಬರಬೇಕೆಂದು ನಾವು ಹಟ ಹಿಡಿದೆವು, ಬಂತು. ಚಿತ್ರಕ್ಕೆ ಆ ಹಟ ಹಿಡಿಯಲಿಲ್ಲ. ಬೆಳಗಿನ ಹೊತ್ತು ನಮ್ಮ ಕೇರಿಗಳಲ್ಲಿ ನಡೆದು ನೋಡಿ. ಚುಕ್ಕಿ ಇಟ್ಟು, ಅಳಿಸದೆ, ಸೊಂಟ ಬಗ್ಗಿಸಿ ರಂಗೋಲಿ ಎಳೆಯುವ ಹೆಂಗಸರನ್ನು ಕೇಳಿದರೆ ‘ನಮಗೆಲ್ಲಿ ಚಿತ್ರ ಬರುತ್ತೆ ಬಿಡಿ ಮೇಡಂ’ ಎನ್ನುತ್ತಾರೆ. ಹಾಗೆನ್ನುವುದನ್ನು ಅವರಿಗೆ ಕಲಿಸಿದ್ದೂ ಶಾಲೆಯೇ.

ಹಾಗಾದರೆ ಏನು ಕಲಿಸಬೇಕು? ಮೊದಲು ರಬ್ಬರ್ ಕಿತ್ತಿಡಬೇಕು. ಅಳಿಸುವ ಮಗು ಗೆರೆಯನ್ನು ನೋಡುವುದಿಲ್ಲ, ತಪ್ಪನ್ನು ಮಾತ್ರ ನೋಡುತ್ತದೆ. ತಪ್ಪಾದ ಗೆರೆ ಅಲ್ಲೇ ಇರಲಿ, ಪಕ್ಕದಲ್ಲಿ ಸರಿಯಾದದ್ದು ಬರಲಿ. ಆಮೇಲೆ ಮೇಜಿನ ಮೇಲೆ ಒಂದು ಚೊಂಬು ಇಡಬೇಕು. ಕಣ್ಣೆತ್ತರದಲ್ಲಿ ಇಟ್ಟರೆ ಅದರ ಬಾಯಿ ಬರೀ ಗೆರೆ, ಕೆಳಗಿಟ್ಟರೆ ಮೊಟ್ಟೆಯಾಕಾರ, ಇನ್ನೂ ಕೆಳಗಿಟ್ಟರೆ ದುಂಡಗೆ. ಈ ಒಂದು ಸಂಗತಿ ಕಂಡ ದಿನ ಮಕ್ಕಳು ಗದ್ದಲ ಮಾಡುತ್ತಾರೆ, ಮಾಡಲಿ. ದೂರ ಹೋದದ್ದು ಚಿಕ್ಕದಾಗುತ್ತದೆ ಎಂಬುದಕ್ಕೆ ಹೆದ್ದಾರಿ ಸಾಕು, ರೈಲು ಹಳಿ ಸಾಕು.

ಮುಖಕ್ಕೂ ಲೆಕ್ಕ ಇದೆ. ಮೊಟ್ಟೆಯಾಕಾರ ಎಳೆದು ನಡುವೆ ಅಡ್ಡಗೆರೆ ಹಾಕಿದರೆ ಕಣ್ಣು ಬರುವುದು ಆ ಗೆರೆಯ ಮೇಲೆ, ಅಂದರೆ ತಲೆಯ ಸರಿ ಅರ್ಧಕ್ಕೆ. ಎಲ್ಲ ಮಕ್ಕಳೂ ಕಣ್ಣನ್ನು ಹಣೆಯಲ್ಲಿ ಬರೆಯುತ್ತಾರೆ. ಕನ್ನಡಿ ನೋಡಿ ಬೆರಳಲ್ಲಿ ಅಳೆಯಲು ಹೇಳಿದರೆ ನಗುತ್ತಾರೆ, ತಿದ್ದಿಕೊಳ್ಳುತ್ತಾರೆ. ದೊಡ್ಡವರ ಮೈ ತಲೆಯ ಏಳೂವರೆಯಷ್ಟು ಉದ್ದ, ಐದಾರು ವರ್ಷದ ಮಗುವಿನದು ಸುಮಾರು ಐದೂವರೆ. ಹುಬ್ಬಿನ ಒಳತುದಿ ಮೂಗಿನ ಕಡೆ ಇಳಿದರೆ ಸಿಟ್ಟು, ಹೊರತುದಿ ಇಳಿದರೆ ಅಳು, ಎರಡೂ ಮೇಲೆ ಹಾರಿದರೆ ಬೆರಗು. ಬಾಯಿ ಬದಲಾಗಬೇಕಾಗಿಯೇ ಇಲ್ಲ. ಮೈಯ ನಿಲುವಿಗೆ ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆ ಮೊದಲು. ಸೊಂಟದ ಮೇಲೆ ಕೊಡ ಇಟ್ಟುಕೊಂಡವಳ ಗೆರೆ ಒಂದು ಕಡೆ ಬಾಗುತ್ತದೆ, ಗೊಬ್ಬರದ ಚೀಲ ಹೊತ್ತವನದು ಮುಂದಕ್ಕೆ. ಇಷ್ಟು ಬಂತೆಂದರೆ ವ್ಯಂಗ್ಯಚಿತ್ರದ ಹೊಸ್ತಿಲಿಗೆ ಬಂದ ಹಾಗೆಯೇ. ಎಲ್ಲರ ಮುಖದ ಅಳತೆ ತಿಳಿದವನಿಗೆ ಈ ಮುಖ ಎಲ್ಲಿ ಆ ಅಳತೆ ಬಿಟ್ಟಿದೆ ಎಂದು ಕಾಣುತ್ತದೆ. ಅಲ್ಲಿ ಗೆರೆಯನ್ನು ಇನ್ನಷ್ಟು ಎಳೆದರೆ ವ್ಯಂಗ್ಯಚಿತ್ರ.

ಈಗ ಮೊಬೈಲಿನಲ್ಲಿ ‘2 ಬರೆದು ಹಂಸ ಮಾಡಿ’ ಎನ್ನುವ ವಿಡಿಯೋಗಳಿವೆ. ಹೆದರುವ ಮಗುವಿಗೆ ಧೈರ್ಯ ಬರುವುದಾದರೆ ಒಂದೆರಡು ದಿನ ನೋಡಲಿ. ಆದರೆ ಹಂಸವನ್ನೇ ಕಾಣದ ನಮ್ಮೂರ ಮಕ್ಕಳು ಕಾಗೆಯನ್ನು ಬಿಟ್ಟು ಹಂಸದ ಹಿಂದೆ ಯಾಕೆ ಹೋಗಬೇಕು? ಕಾಗೆಯನ್ನು ನೋಡಿಯೇ ಬೆಳೆದ ಒಬ್ಬರು ನಮ್ಮ ನಾಡಿನಲ್ಲೇ ಇದ್ದರು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಎಲೆ ಬರೆಯಿರಿ ಎಂದ ಮೇಷ್ಟ್ರು ಅವರ ಅರಳಿ ಎಲೆಯನ್ನು ಮೆಚ್ಚಿದರಂತೆ. ತಾನು ಚಿತ್ರಗಾರ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಕಿಟಕಿಯಿಂದ ಕಂಡ ಒಣಕಡ್ಡಿ, ಕಟ್ಟಿಗೆ ಒಡೆಯುವ ಆಳು, ಮಾಡಿನ ಮೇಲಿನ ಕಾಗೆ, ಇವೇ ಅವರ ಪಾಠ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಮೈಸೂರಿನಲ್ಲಿ ಬಿಎ ಓದುತ್ತಲೇ ಬರೆದರು, 1942ರಲ್ಲಿ ಡಾ. ಎಂ. ಶಿವರಾಂ ಶುರುಮಾಡಿದ ‘ಕೊರವಂಜಿ’ಗೂ ಬರೆದರು. ಒಬ್ಬ ಮೇಷ್ಟ್ರ ಮೆಚ್ಚುಗೆಗೆ ಎಷ್ಟು ಬಲವಿದೆ ನೋಡಿ. ಹೆಣ್ಣುಮಕ್ಕಳಿಗೆ ಹೇಳಲು ನನ್ನ ಬಳಿ ಇನ್ನೊಂದು ಹೆಸರಿದೆ: ಬೆಂಗಳೂರಿನಲ್ಲಿದ್ದು ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆದ ಮಾಯಾ ಕಾಮತ್ (1951–2001). ಆ ಕೆಲಸದಲ್ಲಿ ಹೆಂಗಸರು ಬೆರಳೆಣಿಕೆಯಷ್ಟೂ ಇಲ್ಲ.

ಮೆಚ್ಚುಗೆಯ ಬದಲು ನಾವೇನು ಕೊಡುತ್ತೇವೆ ಎಂಬುದಕ್ಕೂ ಒಂದು ಉದಾಹರಣೆ ಇದೆ. ಶಾಲೆಯ ಹೆಸರು ಬೇಡ. ಏಳನೇ ತರಗತಿಯ ಹುಡುಗನೊಬ್ಬ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತನ್ನ ಮೇಷ್ಟ್ರನ್ನು ಬರೆದಿದ್ದ. ಮೂಗಿನ ತುದಿಗೆ ಜಾರಿದ ಕನ್ನಡಕ, ಒಂದು ಕೈಯಲ್ಲಿ ಸೀಮೆಸುಣ್ಣ, ಬೆನ್ನ ಹಿಂದಿನ ಇನ್ನೊಂದು ಕೈಯಲ್ಲಿ ಮೊಬೈಲು. ಹತ್ತು ಗೆರೆಗಿಂತ ಹೆಚ್ಚಿರಲಿಲ್ಲ; ಯಾರು ಎಂದು ಕೇಳಬೇಕಾಗಿರಲಿಲ್ಲ. ಪುಟ ಹರಿದರು, ಅಪ್ಪನನ್ನು ಕರೆಸಿದರು. ಆತ ಕೂಲಿ ಬಿಟ್ಟು ಬಂದು ಕೈಮುಗಿದು ನಿಂತ. ‘ಇನ್ಮೇಲೆ ಇವನು ಚಿತ್ರ ಬರೆಯಲ್ಲ ಸಾರ್’ ಎಂದ. ಸ್ಟಾಫ್ ರೂಮಿನಲ್ಲಿ ನಾನು ಹುಡುಗನ ಪರ ಮಾತಾಡಿದೆ. ‘ನಿಮ್ಮ ಚಿತ್ರ ಬರೆದಿದ್ರೆ ಗೊತ್ತಾಗ್ತಿತ್ತು ಮೇಡಂ’ ಎಂದರೊಬ್ಬರು. ‘ಬರೆದಿದ್ದಾನೆ. ಮೂಗು ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು’ ಎಂದೆ. ಯಾರೂ ನಗಲಿಲ್ಲ. ಪ್ರತಿಭಾ ಕಾರಂಜಿಯ ಹೊತ್ತಿಗೆ ಅದೇ ಹುಡುಗ ಎರಡು ಗುಡ್ಡ, ನಡುವೆ ಸೂರ್ಯ ಬರೆದುಕೊಟ್ಟ. ‘ಗುಡ್’ ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡ.

ವ್ಯಂಗ್ಯಚಿತ್ರ ಕಲಿಸಿದರೆ ಮಕ್ಕಳು ಗುರುಹಿರಿಯರೆನ್ನದೆ ಗೇಲಿ ಮಾಡುತ್ತಾರೆ ಎನ್ನುವವರಿದ್ದಾರೆ. ಗೇಲಿ ಈಗಲೂ ನಡೆಯುತ್ತಲೇ ಇದೆ, ಶೌಚಾಲಯದ ಗೋಡೆಯ ಮೇಲೆ. ಅಲ್ಲಿ ಸಿಕ್ಕಿಬೀಳುವವರು ಕಪ್ಪಗಿರುವ ಹುಡುಗಿ, ಕುಂಟುವ ಹುಡುಗ, ಹರಿದ ಬಟ್ಟೆಯವನು. ಕಲಿಸದೆ ಬಿಟ್ಟದ್ದರ ಫಲ ಇದು. ನನ್ನ ತರಗತಿಯಲ್ಲಿ ಒಂದೇ ಕಟ್ಟುನಿಟ್ಟು: ಹುಟ್ಟಿನಿಂದ ಬಂದದ್ದನ್ನು ಎಳೆದು ಆಡಬೇಡಿ, ಮನುಷ್ಯ ಮಾಡುವುದನ್ನು ಬರೆಯಿರಿ. ಮೇಷ್ಟ್ರು ಮೊಬೈಲ್ ಹಿಡಿದದ್ದು ಬರಲಿ, ಅವರ ಬೋಳುತಲೆ ಬೇಡ. ನಿಮಗಿಂತ ದೊಡ್ಡವರನ್ನು ಬರೆಯಿರಿ, ನಿಮಗಿಂತ ಕೈಲಾಗದವರನ್ನು ಬಿಡಿ. ಇಷ್ಟನ್ನು ಹನ್ನೆರಡು ವರ್ಷದ ಮಕ್ಕಳು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ತೊಂದರೆ ಬರುವುದು ಐವತ್ತು ದಾಟಿದವರಿಂದ.

‘ಇದರಿಂದ ಮಾರ್ಕ್ಸ್ ಬರುತ್ತಾ ಮೇಡಂ?’ ಎನ್ನುವ ಪೋಷಕರಿಗೆ ನಾನು ಸುಮ್ಮನೆ ಹೇಳುತ್ತೇನೆ, ಬರುತ್ತೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಹೃದಯದ ಚಿತ್ರಕ್ಕೆ, ಕಣ್ಣಿನ ಚಿತ್ರಕ್ಕೆ ಅಂಕ ಇದೆ. ಈಗ ಅದನ್ನೂ ಇಪ್ಪತ್ತು ಸಲ ಬರೆಸಿ ಬಾಯಿಪಾಠ ಮಾಡಿಸುತ್ತೇವೆ. ನೋಡಿ ಬರೆಯಲು ಕಲಿತ ಮಗುವಿಗೆ ಎರಡು ಸಲ ಸಾಕು.

ಶನಿವಾರದ ಕೊನೇ ಪೀರಿಯಡ್ ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಎಂದೇ ಇದೆ. ಈ ವರ್ಷ ಅದನ್ನು ನಾನೇ ಕೇಳಿ ಪಡೆದಿದ್ದೇನೆ, ಬಿಟ್ಟುಕೊಡುವುದಿಲ್ಲ. ಗಣಿತದವರು ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದರೆ ಬರಲಿ. ಅರ್ಧ ಗಂಟೆ ಅಲ್ಲಾಡದೆ ಕುರ್ಚಿಯಲ್ಲಿ ಕೂರುವುದಾದರೆ, ಮಕ್ಕಳಿಗೆ ಬರೆಯಲು ಒಂದು ಮುಖ ಬೇಕಾಗಿಯೇ ಇದೆ.