ತಾಂಡೂರು ಪರದೇಶವಲ್ಲ

ತೆಲಂಗಾಣದ ನಂಟು ಕಡಿದುಕೊಂಡರೆ ಮಾತ್ರ ಗಡಿ ತಾಲ್ಲೂಕುಗಳಲ್ಲಿ ಕನ್ನಡ ಉಳಿದೀತು ಎಂಬ ವಾದ ತಪ್ಪು, ಅಪಾಯಕಾರಿ ಕೂಡ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ, ಈಗ ತೆಲಂಗಾಣದಲ್ಲಿರುವ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ವಾಡಿ–ಸಿಕಂದರಾಬಾದ್ ನಡುವೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಚಿತ್ತಾಪುರ, ಸೇಡಂ ಇಂದಿಗೂ ಅದೇ ಹಳಿಯ ಮೇಲಿವೆ. ಶಹಾಬಾದಿನ ಪರಸಿ ಕಲ್ಲಿಗೂ ತಾಂಡೂರಿನ ಪರಸಿಗೂ ಭೂಮಿಯೊಳಗೆ ಗಡಿಯಿಲ್ಲ. ಕಾಗಿಣಾ ನದಿ ತಾಂಡೂರಿನ ಕಡೆಯಿಂದಲೇ ಹರಿದು ರಾಷ್ಟ್ರಕೂಟರ ಮಳಖೇಡಕ್ಕೆ ಬರುತ್ತದೆ.

ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ನಡುವಿನ ಪುಟ್ಟ ಲಕ್ಸೆಂಬರ್ಗ್ ತನ್ನ ನುಡಿ ಉಳಿಸಿಕೊಳ್ಳಲು ನೆರೆಯವರಿಗೆ ಬಾಗಿಲು ಮುಚ್ಚಲಿಲ್ಲ. 1984ರಲ್ಲಿ ಕಾನೂನು ಮಾಡಿ ತನ್ನ ನುಡಿಯನ್ನು ರಾಷ್ಟ್ರಭಾಷೆಯಾಗಿಸಿತು. ನಮಗೂ ಬೇಕಾದದ್ದು ಅಂಥ ಕೆಲಸ. ಚಿಂಚೋಳಿಯ ಗಡಿ ಹಳ್ಳಿಗಳ ಕನ್ನಡ ಶಾಲೆಗಳಿಗೆ ಕಾಯಂ ಶಿಕ್ಷಕರನ್ನು ಕೊಡಿ. ತಾಂಡೂರಿನ ಪೇಟೆಗೆ ತೊಗರಿ ಒಯ್ಯುವ ರೈತನ ಕನ್ನಡತನವನ್ನು ಪ್ರಶ್ನಿಸಬೇಡಿ.