ಕೊಳೆರೋಗದ ಜೀವಿಯ ರಚನೆಯೂ ಕ್ರಿಯೆಯೂ

ಮುಂಗಾರು ಮಳೆಯು ಬಲವಾಗಿ ಹಿಡಿದ ಮೇಲೆ ಮಲೆನಾಡಿನ ತೋಟಗಳಲ್ಲಿ ಎಳೆಯ ಅಡಿಕೆ ಕಾಯಿಗಳು ತೊಟ್ಟಿನ ಬಳಿ ನೀರೂರಿದಂತಾಗಿ, ಕೊಳೆತು, ಉದುರಿಹೋಗುವುದು ಭೂಮಾಲಿಕರೆಲ್ಲರೂ ಬಲ್ಲ ಸಂಗತಿಯೇ ಸರಿ. ಇದಕ್ಕೆ ಮಳೆಯೊಂದೇ ಕಾರಣವೆನ್ನುವವರು ಇಂದಿಗೂ ಉಂಟು. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯಬೇಕಾದರೆ ಜೀವಿಗಳ ರಚನೆಯನ್ನೂ ಕ್ರಿಯೆಯನ್ನೂ ಪರಿಶೋಧಿಸುವ ಶಾಸ್ತ್ರದ ನೆರವು ಅವಶ್ಯಕವಾಗಿರುತ್ತದೆ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿಗಳು ಈ ರೋಗವನ್ನು ಪರಿಶೋಧಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಇಂಥ ಪರಿಶೋಧನೆಯ ಕ್ರಮವು ಹೀಗಿರುತ್ತದೆ: ರೋಗ ತಗುಲಿದ ಕಾಯಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳಗೆ ನವಿರಾದ ಎಳೆಗಳು ಹಬ್ಬಿರುವುದು ಕಾಣುತ್ತದೆ. ಇದು ರಚನೆಯ ಜ್ಞಾನ. ಆದರೆ ಕೊಳೆತ ಪದಾರ್ಥದ ಮೇಲೆ ನಾನಾ ಬೂಷ್ಟುಗಳು ಬೆಳೆಯುವುದರಿಂದ, ಕಂಡ ಮಾತ್ರಕ್ಕೆ ಒಂದನ್ನು ಅಪರಾಧಿಯೆನ್ನಲಾಗದು. ಅದನ್ನು ಬೇರ್ಪಡಿಸಿ ಬೆಳೆಸಿ, ಆರೋಗ್ಯವಾದ ಕಾಯಿಗೆ ಸೋಂಕಿಸಿ, ಅದೇ ರೋಗವು ಹುಟ್ಟುವುದನ್ನು ಕಂಡು, ಆ ಕಾಯಿಯಿಂದ ಅದೇ ಜೀವಿಯನ್ನು ಪುನಃ ಹೊರತೆಗೆದರೆ ಮಾತ್ರ ನಿರ್ಣಯವು ಸಿದ್ಧವಾಗುತ್ತದೆ.

ಬಳಿಕ ಕ್ರಿಯೆಯ ಪರೀಕ್ಷೆ. ಈ ಜೀವಿಯ ಎಳೆಗಳ ತುದಿಯಲ್ಲಿ ಸಣ್ಣ ಚೀಲಗಳು ಹುಟ್ಟುತ್ತವೆ. ನೀರು ಸೋಕಿದಾಗ ಅವು ಒಡೆದು, ಎರಡೆರಡು ಬಾಲಗಳುಳ್ಳ ಬೀಜಕಣಗಳು ಹೊರಬಂದು ಈಜುತ್ತವೆ. ಮಳೆಹನಿಯ ಎರಚಲಿನಿಂದಲೂ ಗಾಳಿಯಿಂದಲೂ ಗೊನೆಯಿಂದ ಗೊನೆಗೆ ಸೋಂಕು ಹರಡುತ್ತದೆ. ಮಳೆಯು ರೋಗದ ಬೀಜವಲ್ಲ, ವಾಹನ. ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಹಿರಿಯರ ಪದ್ಧತಿಯು ಕಾಯಿಯನ್ನು ನೀರಿನಿಂದ ಕಾಪಾಡುತ್ತಿದ್ದುದರಿಂದ ಸಾರ್ಥಕವಾಗಿತ್ತು.

ಈ ಜ್ಞಾನದಿಂದಲೇ ಸಿಂಪಡಣೆಯ ಕಾಲವು ನಿಶ್ಚಿತವಾಗುತ್ತದೆ. ಮೈಲುತುತ್ತವು ಕಾಯಿಯ ಮೇಲ್ಮೈಯಲ್ಲಿ ಬೀಜಕಣಗಳನ್ನು ಕೊಲ್ಲಬಲ್ಲುದೇ ಹೊರತು, ಕಾಯಿಯೊಳಗೆ ಹೊಕ್ಕ ಎಳೆಗಳನ್ನು ಮುಟ್ಟಲಾರದು. ಆದಕಾರಣ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಸೇರಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಒಂದಾವೃತ್ತಿ, 40–45 ದಿನಗಳ ಬಳಿಕ ಮತ್ತೊಂದಾವೃತ್ತಿ ಸಿಂಪಡಿಸತಕ್ಕದ್ದು. ಕಾಯಿ ಉದುರತೊಡಗಿದ ಮೇಲೆ ಔಷಧಕ್ಕೆ ಓಡುವುದು, ಕೆರೆಯ ಏರಿ ಒಡೆದ ಮೇಲೆ ಮಣ್ಣು ಹೊತ್ತಂತೆ.

ಇನ್ನೊಂದು ಅಂಶವೂ ಗಮನಾರ್ಹವಾದುದು. ನಿಜವಾದ ಬೂಷ್ಟುಗಳ ಕಣಭಿತ್ತಿಯಲ್ಲಿ ಕೈಟಿನ್ ಎಂಬ ದ್ರವ್ಯವು ಮುಖ್ಯವಾಗಿರುತ್ತದೆ. ಕೊಳೆರೋಗದ ಜೀವಿಯಲ್ಲಾದರೋ ಸಸ್ಯಗಳಲ್ಲಿರುವ ಸೆಲ್ಯುಲೋಸ್ ಇರುತ್ತದೆ. ಆದ್ದರಿಂದ ಅದನ್ನು ಈಗ ನಿಜವಾದ ಬೂಷ್ಟುಗಳ ವರ್ಗಕ್ಕೆ ಸೇರಿಸುವುದಿಲ್ಲ. ಬೂಷ್ಟಿನ ಔಷಧಗಳೆಲ್ಲವೂ ಇದಕ್ಕೆ ನಾಟುವುದಿಲ್ಲವಾಗಿ, ಅಂಗಡಿಯವರ ಮಾತೊಂದನ್ನೇ ನಂಬಿ ಕೊಳ್ಳುವುದು ಹಣವನ್ನು ಹೊಳೆಗೆ ಚೆಲ್ಲಿದಂತೆ.

ಶಾಸ್ತ್ರವು ಪುಸ್ತಕದಲ್ಲಿದ್ದರೆ ಫಲವಿಲ್ಲ. ಒಬ್ಬರು ಸಿಂಪಡಿಸಿ ನೆರೆಯವರು ಸುಮ್ಮನಿದ್ದರೆ, ಆ ತೋಟವೇ ರೋಗದ ತವರಾಗುತ್ತದೆ. ಗ್ರಾಮದ ಮುಖಂಡರು ಮಳೆಗೆ ಮುಂಚಿತವಾಗಿಯೇ ತೋಟಗಾರರನ್ನು ಒಟ್ಟುಗೂಡಿಸಿ, ಸಿಂಪಡಣೆಯ ದಿನಗಳನ್ನು ಗೊತ್ತುಮಾಡಿ, ಮರ ಹತ್ತುವ ಆಳುಗಳನ್ನು ಸರದಿಯಂತೆ ಹಂಚಿಕೊಟ್ಟು, ಉದುರಿದ ಕಾಯಿಗಳನ್ನು ಆರಿಸಿ ನಾಶಪಡಿಸುವ ಏರ್ಪಾಡನ್ನು ಮಾಡತಕ್ಕದ್ದು. ಕಣ್ಣಿಗೆ ಕಾಣದ ಶತ್ರುವಿನ ನಡತೆಯನ್ನು ತಿಳಿದ ಮೇಲೂ ಊರು ಒಂದಾಗದಿದ್ದರೆ, ನಷ್ಟಕ್ಕೆ ಮಳೆಯನ್ನು ದೂರುವುದು ನ್ಯಾಯವಲ್ಲ.