ವಾರದ ಐದು ದಿನ ಆಡುವವರು ಯಾರು?

ಬನಶಂಕರಿಯಿಂದ ಮೈಸೂರು ರಸ್ತೆ ಹಿಡಿದರೆ ಬಿಡದಿಯ ಈಗಲ್‌ಟನ್, ಬೆಂಗಳೂರು ದಾಟಿ ಉತ್ತರಕ್ಕೆ ಹೋದರೆ ನಂದಿಬೆಟ್ಟದ ತಪ್ಪಲಿನ ಗಾಲ್ಫ್‌ಶೈರ್. ಇವುಗಳ ಜತೆಗೆ ಮತ್ತೊಂದು ದುಬಾರಿ ಗಾಲ್ಫ್ ರೆಸಾರ್ಟ್ ಸ್ಥಳೀಯರನ್ನೇ ನಂಬಿ ಬದುಕುವುದು ಕಷ್ಟ. ಬೆಂಗಳೂರಿನಲ್ಲಿ ದುಡ್ಡಿಲ್ಲವೇ ಎಂದು ಕೇಳಬಹುದು. ಇದೆ, ಆದರೆ ಆಟದ ಗೀಳಿರುವವರಿಗೆ 1876ರ ಬೆಂಗಳೂರು ಗಾಲ್ಫ್ ಕ್ಲಬ್, ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ನಗರದೊಳಗೇ ಇವೆ. ಉಳಿದವರಿಗೆ ಬಿಡುವು ಸಿಗುವುದು ಶನಿವಾರ, ಭಾನುವಾರ. ಮದುವೆ, ಕಂಪನಿ ಸಭೆಗಳು ಕೋಣೆ ತುಂಬಿಸುತ್ತವೆ ನಿಜ, ಅದಕ್ಕೆ 18 ಕುಳಿಗಳ ಮೈದಾನ ಬೇಕಿಲ್ಲ. ಮಂಗಳವಾರ ಮಧ್ಯಾಹ್ನ ಒಬ್ಬ ಆಟಗಾರನೂ ಇಲ್ಲದಿದ್ದರೂ ಹುಲ್ಲಿಗೆ ನೀರು ಹಾಯಿಸಲೇಬೇಕು. 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದ ನಗರವಿದು. ಸಂಸ್ಕರಿಸಿದ ನೀರಿದೆಯಲ್ಲ ಎನ್ನುವವರು, ಅದೇ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದನ್ನು ಒಮ್ಮೆ ಹೋಗಿ ನೋಡಲಿ.